ಗುಡುಗು ಕೇಳಿದೊಡನೆ ಪ್ಲಗ್ ತೆಗೆಯಿರಿ

ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ ಜೆರಾಕ್ಸ್ ಮೆಷಿನ್ ರಿಪೇರಿ ಮಾಡುವ ಚಂದಯ್ಯನಿಗೆ ವ್ಯಾಪಾರದ ಬಗ್ಗೆ ಇದ್ದದ್ದು ಒಂದೇ ಸಿದ್ಧಾಂತ. ಗಿರಾಕಿ ಮೆಷಿನ್ನಿನ ಹೆಸರು ಮರೆತರೂ ಅಡ್ಡಿಯಿಲ್ಲ, ರಿಪೇರಿಯವನ ಫೋನ್ ನಂಬರ್ ಮರೆಯಬಾರದು. ಅದಕ್ಕಾಗಿ ಅವನು ತನ್ನ ಕೈ ತಾಗಿದ ಪ್ರತಿ ಮೆಷಿನ್ನಿನ ಹಣೆಗೂ ಒಂದು ಕೆಂಪು ಸ್ಟಿಕರ್ ಅಂಟಿಸುತ್ತಿದ್ದ. 'ಗುಡುಗು ಕೇಳಿದೊಡನೆ ಪ್ಲಗ್ ತೆಗೆಯಿರಿ' ಎಂದು ಮೇಲೆ. ಅದರ ಕೆಳಗೆ 'ಚಂದಯ್ಯ, ಕೋಟೇಶ್ವರ' ಎಂದೂ ನಂಬರೂ. ಕುಂದಾಪುರದಿಂದ ಬ್ರಹ್ಮಾವರದವರೆಗೆ ದೇವರ ಪಟವಿಲ್ಲದ ಆಫೀಸು ಸಿಕ್ಕೀತು, ಚಂದಯ್ಯನ ಸ್ಟಿಕರ್ ಇಲ್ಲದ ಆಫೀಸು ಸಿಗುವುದು ಕಷ್ಟ ಎನ್ನುವ ಒಂದು ಕಾಲವಿತ್ತು.

ಅವನು ಹುಟ್ಟಿದ್ದು ಬೀಜಾಡಿಯ ಮೀನುಗಾರರ ಮನೆಯಲ್ಲಿ. ಅಪ್ಪ ಕೊರಗನಿಗೆ ನೀರಿನ ಬಣ್ಣ ನೋಡಿ ಮೀನು ಎಲ್ಲಿದೆ ಎಂದು ಹೇಳುವ ಕಣ್ಣಿತ್ತು. ಮಗನಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಕಡಲಿಗೆ ಆಗದ ಮಗ ಮುಂಬೈಗೆ ಆಗುತ್ತಾನೆ ಎಂಬುದು ಆ ಕಡೆಯ ಲೆಕ್ಕಾಚಾರ. ಹಾಗೆ ಮುಂಬೈಗೆ ಹೋದ ಚಂದಯ್ಯ ಮೊದಲು ಹೋಟೆಲಿನಲ್ಲಿ ಮೇಜು ಒರೆಸಿದ, ಆಮೇಲೆ ಫೋರ್ಟ್ ಬಡಾವಣೆಯ ಒಂದು ವರ್ಕ್‌ಶಾಪಿನಲ್ಲಿ ಜೆರಾಕ್ಸ್ ಮೆಷಿನ್ ಒರೆಸಿದ. ಒರೆಸುತ್ತ ಒರೆಸುತ್ತಲೇ ರಿಪೇರಿ ಕಲಿತ. ಆ ವರ್ಕ್‌ಶಾಪಿನ ವಿದ್ಯೆ ಮೂರು ಮಾತಿನದ್ದು: ಬಿಚ್ಚು, ಒರೆಸು, ಕೂಡಿಸು. ಕಾಗದ ಸಿಕ್ಕಿಕೊಂಡರೂ ಅದೇ, ಪ್ರತಿ ಕಪ್ಪಾದರೂ ಅದೇ, ಬಿಳಿಚಿಕೊಂಡರೂ ಅದೇ. ಕೂಡಿಸಿದ ಮೇಲೆ ಮೆಷಿನ್ ಓಡುತ್ತಿತ್ತು. ಯಾಕೆ ಕೆಟ್ಟಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ, ಓಡುವ ಮೆಷಿನ್ನಿಗೆ ಕಾರಣ ಬೇಕಾಗುವುದಿಲ್ಲವಲ್ಲ.

೧೯೯೭ರಲ್ಲಿ ಊರಿಗೆ ಬಂದು ಅಂಗಡಿ ಹಾಕಿದ. ಮೊದಲ ಮಳೆಗಾಲ ಹಿಡಿಯುವ ಮುಂಚೆಯೇ ಬೈಂದೂರು ಕಡೆಯ ಒಂದು ಆಫೀಸಿಗೆ ಸಿಡಿಲಿನ ಕರೆಂಟು ನುಗ್ಗಿ ಮೆಷಿನ್ನಿನ ಬೋರ್ಡು ಸುಟ್ಟು ಕರಕಲಾಯಿತು. ಅಲ್ಲಿಯವರು ಬೈದದ್ದು ಸಿಡಿಲಿಗಲ್ಲ, ಚಂದಯ್ಯನಿಗೆ. ಸಿಡಿಲಿನ ಅಂಗಡಿ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಇವನದ್ದು ಗೊತ್ತಿತ್ತು. ಸ್ಟಿಕರ್ ಹುಟ್ಟಿದ್ದು ಆಗ. ಪುಣ್ಯಕ್ಕೆ ಪುಣ್ಯವೂ ಆಯಿತು, ಜಾಹೀರಾತಿಗೆ ಜಾಹೀರಾತೂ ಆಯಿತು.

ಒಂದು ಹತ್ತು ವರ್ಷ ಕೈ ತುಂಬ ಕೆಲಸ. ಆಮೇಲೆ ಅಂಗೈಯಗಲದ ಪ್ರಿಂಟರುಗಳು ಬಂದವು. ಅವು ಕೆಟ್ಟರೆ ರಿಪೇರಿಯಿಲ್ಲ, ಎಸೆದು ಬೇರೆ ತರುವುದು. ಚಂದಯ್ಯನ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು, ಜಗಳ ಮಾಡಿ ಹೋದವರು ಒಬ್ಬರೂ ಇಲ್ಲ. ಜಗಳ ಮಾಡಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ೨೦೧೧ರ ಹೊತ್ತಿಗೆ ಅವನ ಕೈಯಲ್ಲಿ ಗಟ್ಟಿಯಾಗಿ ಉಳಿದದ್ದು ಕೋಟದ ಒಂದು ಸಹಕಾರಿ ಸಂಘ ಮಾತ್ರ.

ಆ ವರ್ಷ ಬೇಸಿಗೆಯಲ್ಲಿ ಸಂಘದ ಕಾರ್ಯದರ್ಶಿ ಲೀಲಾಧರ ಹೊಸ ಮೆಷಿನ್ ತರಿಸಿದರು. ನಗುವಾಗಲೂ ಹಲ್ಲು ತೋರಿಸದಷ್ಟು ಹಿಡಿತದ ಮನುಷ್ಯ. ಮೆಷಿನ್ ಬರೀ ಪ್ರತಿ ತೆಗೆಯುವುದಲ್ಲ. ಕೆಳಗೆ ಕೌಂಟರಿನಲ್ಲಿ ಕಾಗದ ಇಟ್ಟು ಬಟನ್ ಒತ್ತಿದರೆ, ಅದರ ಚಿತ್ರ ತಂತಿಯಲ್ಲಿ ಹೋಗಿ ಮಾಳಿಗೆಯ ಮೇಲಿರುವ ಕಾರ್ಯದರ್ಶಿಯ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಕುಳಿತುಕೊಳ್ಳಬೇಕು. ಆ ಫೋಲ್ಡರನ್ನು ಆಫೀಸಿನ ಎಲ್ಲರೂ ತೆರೆದು ನೋಡುವಂತಿರಬೇಕು. ಕಾಗದ ಹಿಡಿದು ಮೆಟ್ಟಿಲು ಹತ್ತಿಳಿಯುವ ಕೆಲಸ ಇನ್ನಿಲ್ಲ.

"ಚಂದಣ್ಣ, ಬೈಂದೂರು ಶಾಖೆಗೂ ಬ್ರಹ್ಮಾವರ ಶಾಖೆಗೂ ಇಂಥದ್ದೇ ಮೆಷಿನ್ ತರ್ಸುಕಿತ್ತ್," ಎಂದರು ಲೀಲಾಧರ. "ಇದ್ ಸಮ ನಡೆದ್ರೆ ಮೂರೂ ನೀವೇ ಕಾಣಿ. ಸಮ ಆಯ್ಲಿಲ್ಲ ಅಂದ್ರೆ ನಾ ಎಂತ ಮಾಡುಕಾತ್ತ್? ಉಡುಪಿ ಕಂಪೆನಿಯವ್ರ್ ದಿನಾ ಫೋನ್ ಮಾಡ್ತಾ ಇದ್ರ್."

"ಆತ್ತ್ ಸಾರ್. ಮೆಷಿನ್ ಅಂದ್ಮೇಲೆ ಮೆಷಿನ್ನೇ ಅಲ್ದಾ," ಎಂದ ಚಂದಯ್ಯ. ಹೇಳಿದ್ದು ಧೈರ್ಯದಿಂದ. ಬೆವರಿದ್ದು ಸೆಕೆಗೆ ಎಂದು ಬೇಕಾದರೆ ಹೇಳಬಹುದು.

ಮೆಷಿನ್ ಮಾರಿದ ಮಂಗಳೂರಿನ ಅಂಗಡಿಯವನನ್ನು ಫೋನಿನಲ್ಲಿ ಹಿಡಿದುಕೊಂಡು ಚಂದಯ್ಯ ಬೆಳಗ್ಗೆಯಿಂದ ಮಾಳಿಗೆ ಹತ್ತಿ ಇಳಿದ. ಮೇಲಿನ ಕಂಪ್ಯೂಟರಿಗೆ ಒಂದು ನಂಬರ್ ಇರುತ್ತದೆ, ಅದೇ ಅದರ ವಿಳಾಸ ಎಂದ ಅಂಗಡಿಯವನು. ಆ ನಂಬರನ್ನು ಅಂಗೈಯಲ್ಲಿ ಬರೆದುಕೊಂಡು ಬಂದು ಮೆಷಿನ್ನಿನ ಪರದೆಯಲ್ಲಿ ಒತ್ತಿದ. ಫೋಲ್ಡರಿನ ಹೆಸರು ಒತ್ತಿದ, ಪಾಸ್‌ವರ್ಡ್ ಒತ್ತಿದ. ಪರೀಕ್ಷೆಗೆ ಬೇರೆ ಕಾಗದ ಸಿಗದೆ ತನ್ನ ಜೋಳಿಗೆಯಲ್ಲಿದ್ದ ಕೆಂಪು ಸ್ಟಿಕರನ್ನೇ ಗಾಜಿನ ಮೇಲೆ ಇಟ್ಟ. ಮೇಲಿನಿಂದ ಲೀಲಾಧರರ ದನಿ ಬಂತು.

"ಬಂತ್ ಮರಾಯ್ರೆ. ನಿಮ್ ಹೆಸ್ರ್ ನಮ್ ಕಂಪ್ಯೂಟರಿಗೂ ಹತ್ತಿತಲೆ."

ಚಂದಯ್ಯ ಅದೇ ಸ್ಟಿಕರನ್ನು ಹೊಸ ಮೆಷಿನ್ನಿನ ಹಣೆಗೆ ಅಂಟಿಸಿ, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿ, ಮನೆಗೆ ಹೋಗುವಾಗ ಬಂಗುಡೆ ಕೊಂಡುಹೋದ. ಹೆಂಡತಿ ಸರೋಜ ಮೀನು ನೋಡಿಯೇ ಕೆಲಸ ಆಯಿತೆಂದು ತಿಳಿದುಕೊಂಡಳು. ಕೆಲಸ ಆಗದ ದಿನ ಅವನು ಮೀನಂಗಡಿಯ ಎದುರಿನ ರಸ್ತೆ ಬದಿಯಲ್ಲಿ ನಡೆಯುವವನೇ ಅಲ್ಲ.

ಸಂಘದ ಕೌಂಟರಿನಲ್ಲಿದ್ದ ಹರಿಣಾಕ್ಷಿ ಬರೆದದ್ದನ್ನು ಬರೆದಂತೆ ನಡೆಸುವ ಹೆಂಗಸು. ಮೇ ತಿಂಗಳ ಒಂದು ಸಂಜೆ ಘಟ್ಟದ ಬದಿ ಕಪ್ಪಾಗಿ, ದೂರದಲ್ಲಿ ಯಾರೋ ಮಂಚ ಎಳೆದಂತೆ ಒಮ್ಮೆ ಗುಡುಗಿತು. ಅವಳು ಎದ್ದು ಮೆಷಿನ್ನಿನ ಪ್ಲಗ್ ತೆಗೆದಳು. ಮೆಷಿನ್ನಿಗೆ ಮಾತ್ರ ಸಿಡಿಲು, ಉಳಿದದ್ದಕ್ಕೆ ಇಲ್ಲ ಎಂದು ಸ್ಟಿಕರಿನಲ್ಲಿ ಬರೆದಿರಲಿಲ್ಲ. ಆದ್ದರಿಂದ ಕಂಪ್ಯೂಟರುಗಳದ್ದೂ, ಗೋಡೆಯಲ್ಲಿ ಹಸಿರು ದೀಪ ಮಿಣುಕಿಸುತ್ತ ಎಲ್ಲವನ್ನೂ ಜೋಡಿಸುವ ರೂಟರ್ ಎಂಬ ಪುಟ್ಟ ಪೆಟ್ಟಿಗೆಯದ್ದೂ ಪ್ಲಗ್ ತೆಗೆದಳು. ಮರುದಿನ ಬೆಳಗ್ಗೆ ಎಲ್ಲವನ್ನೂ ಒಂದೊಂದಾಗಿ ಹಾಕಿ, ಕಾಗದ ಇಟ್ಟು ಬಟನ್ ಒತ್ತಿದರೆ, ಫೋಲ್ಡರ್ ಸಿಗುತ್ತಿಲ್ಲ ಎಂದಿತು ಮೆಷಿನ್.

"ಹ್ವಾಯ್ ಚಂದಣ್ಣ, ಕಾಗ್ದ ಮೇಲೆ ಹೋತಿಲ್ಲೆ. ಎಲ್ಲಿಗ್ ಹೋಯ್ತ್ ಅಂದೇಳಿ ಗೊತ್ತಿಲ್ಲೆ," ಎಂದು ಫೋನ್ ಮಾಡಿದಳು.

ಚಂದಯ್ಯ ಬಂದ. ಮುಂಬೈಯ ವಿದ್ಯೆಯನ್ನೇ ಹೂಡಿದ. ಮೆಷಿನ್ನಿನಲ್ಲಿ ಬರೆದಿದ್ದನ್ನೆಲ್ಲ ಅಳಿಸಿದ, ಅದು ಬಿಚ್ಚಿದಂತೆ. ಗಾಜು ಒರೆಸಿದ, ಅದಕ್ಕೂ ಫೋಲ್ಡರಿಗೂ ಸಂಬಂಧವಿಲ್ಲ, ಕೈ ಸುಮ್ಮನಿರಲಿಲ್ಲ ಅಷ್ಟೆ. ಮೇಲೆ ಹೋಗಿ ಕಂಪ್ಯೂಟರಿನ ನಂಬರ್ ನೋಡಿ ಅಂಗೈಯಲ್ಲಿ ಬರೆದುಕೊಂಡು ಬಂದು ಮೊದಲಿನಿಂದ ಎಲ್ಲ ಒತ್ತಿದ. ಕಾಗದ ಮೇಲೆ ಹೋಯಿತು. ಹಳೆಯ ನಂಬರ್ ಎಷ್ಟಿತ್ತು, ಹೊಸದು ಎಷ್ಟು ಎಂದು ಹೋಲಿಸಿ ನೋಡಲಿಲ್ಲ. ಹಳೆಯದು ಹಿಂದಿನ ಸಲದ ಸ್ನಾನಕ್ಕೇ ತೊಳೆದು ಹೋಗಿತ್ತು.

"ಎಂತ ಆದದ್ದ್?" ಎಂದು ಹರಿಣಾಕ್ಷಿ ಕೇಳಿದಳು.

"ಹೊಸ ಮೆಷಿನ್ ಅಲ್ದಾ, ಹೊಂದ್ಕಂಬುಕೆ ಒಂಚೂರ್ ದಿನ ಬೇಕ್."

"ನಮ್ಮನಿ ಹೊಸ ಸೊಸಿಗೂ ಹಾಂಗೇ ಹೇಳ್ತಾ ಇದ್ರ್," ಎಂದಳು ಅವಳು.

ಇನ್ನೊಂದು ಗುಡುಗಿಗೆ ಇನ್ನೊಮ್ಮೆ ಹಾಗೆಯೇ ಆಯಿತು. ಅವನು ಬಂದ, ಅಳಿಸಿದ, ಒರೆಸಿದ, ಬರೆದ. ಸರಿಯಾಯಿತು. ಪ್ರತಿ ಸಲ ಸರಿಯಾಗುವುದೇ ಅವನಿಗೆ ಮುಳುವಾದದ್ದು. ಒಮ್ಮೆ ಸರಿಯಾಗದೆ ಉಳಿದಿದ್ದರೆ ಕುಳಿತು ಯೋಚಿಸುತ್ತಿದ್ದನೋ ಏನೋ. ರಾತ್ರಿ ಊಟಕ್ಕೆ ಕುಳಿತರೂ ಅವನ ಬಲಗೈ ಬೆರಳು ಬಟ್ಟಲಿನ ಅಂಚಿನಲ್ಲಿ ಏನನ್ನೋ ಒತ್ತುತ್ತಿತ್ತು. "ಎಂತ ಅದ್?" ಎಂದು ಸರೋಜ ಕೇಳಿದರೆ "ಎಂತ ಇಲ್ಲೆ" ಎನ್ನುತ್ತಿದ್ದ. ಗೊತ್ತಿಲ್ಲ ಎಂದು ಮಂಗಳೂರಿನವನಿಗೆ ಫೋನ್ ಮಾಡಿ ಕೇಳಬಹುದಿತ್ತು. ಆದರೆ ಮೂರು ಮೆಷಿನ್ನಿನ ಆಸೆ ಇರುವವನು ಒಂದು ಮೆಷಿನ್ ಗೊತ್ತಿಲ್ಲ ಎಂದು ಮಾರಿದವನಿಗೇ ಹೇಳಿದರೆ, ಆ ಸುದ್ದಿ ಉಡುಪಿಗೆ ಮುಟ್ಟಲು ಬಸ್ಸು ಬೇಕಾಗುವುದಿಲ್ಲ.

ಸಂಘದ ಅಧ್ಯಕ್ಷ ಅಣ್ಣಯ್ಯನವರೂ ನಿರ್ದೇಶಕರೂ ಬಂದು ಮೆಷಿನ್ ನೋಡಿ, ಶಾಖೆಗಳಿಗೆ ತೀರ್ಮಾನ ಮಾಡುವ ದಿನ ಬಂತು. ಹಿಂದಿನ ದಿನವೇ ಚಂದಯ್ಯ ಬಂದು ಹತ್ತಾರು ಕಾಗದ ಮೇಲೆ ಕಳಿಸಿ ನೋಡಿದ್ದ. ಎಲ್ಲ ನೀರು ಕುಡಿದಂತೆ ಹೋಗಿದ್ದವು. ಹೊರಡುವಾಗ ಮೂಡು ಬದಿ ಮೋಡ ಕಟ್ಟಿತ್ತು. ಹರಿಣಾಕ್ಷಿಗೆ ಅವನೇ ಹೇಳಿದ:

"ಮಳಿ ಬಪ್ಪ ಹಾಂಗೆ ಕಾಂತ್. ಪ್ಲಗ್ ತೆಗೂಕೆ ಮರಿಬೇಡ ಅಕಾ. ನಾಳೆ ದೊಡ್ಡವ್ರೆಲ್ಲ ಬತ್ರ್, ಬೋರ್ಡ್ ಹೋರೆ ನನ್ ಕಥಿ ಮುಗೀತ್."

"ನಾ ಯಾವಾಗ ಮರ್ತದ್ದ್ ಚಂದಣ್ಣ?" ಎಂದಳು ಅವಳು. ಮರೆಯಲಿಲ್ಲ.

ಮರುದಿನ ಅಣ್ಣಯ್ಯನವರು ತಮ್ಮ ಕೈಯಿಂದಲೇ ಕಾಗದ ಇಟ್ಟು ಬಟನ್ ಒತ್ತಿದರು. ಫೋಲ್ಡರ್ ಸಿಗುತ್ತಿಲ್ಲ ಎಂದಿತು ಮೆಷಿನ್. ಇನ್ನೊಮ್ಮೆ ಒತ್ತಿದರು. ಮೆಷಿನ್ ಮಾತು ಬದಲಿಸಲಿಲ್ಲ. ಚಂದಯ್ಯ ಮೊಣಕಾಲೂರಿ ಅಳಿಸತೊಡಗಿದ. ಹಿಂದೆ ಬಿಳಿ ಪಂಚೆಗಳ ಸಾಲು ನಿಂತಿತ್ತು. ಮಾಳಿಗೆಗೆ ಹೋಗಿ ನಂಬರ್ ನೋಡಿ ಬರುವಷ್ಟರಲ್ಲಿ ಆ ಸಾಲು ಚಹಾದ ಕಡೆ ತಿರುಗಿತ್ತು.

"ಎಂತ ಚಂದಯ್ಯ, ಕಾಗ್ದ ಹೊತ್ಕಂಡ್ ಮಾಳ್ಗಿ ಹತ್ತುದ್ ತಪ್ತ್ ಅಂದ್ಕಂಡ್ರೆ, ಈಗಳಿಕೆ ನೀನೇ ಹತ್ತುದ್ ಆಯ್ತಲ," ಎಂದರು ಅಣ್ಣಯ್ಯ. ಎಲ್ಲರೂ ನಕ್ಕರು. ಚಂದಯ್ಯನೂ ನಕ್ಕ, ನಗದಿದ್ದರೆ ಇನ್ನೂ ಕೆಡುತ್ತಿತ್ತು. ಚಹಾ ಮುಗಿಯುವ ಮೊದಲು ಮೆಷಿನ್ ಸರಿಯಾಯಿತು. ಬಂದು ನೋಡುವವರು ಯಾರೂ ಇರಲಿಲ್ಲ.

ಮುಂದಿನ ವಾರ ಲೀಲಾಧರರು ಅವನನ್ನು ಕರೆಸಿದರು. ಉಡುಪಿಯ ಕಂಪೆನಿಯಿಂದ ಸುಜನ್ ಎಂಬ ಇಂಜಿನಿಯರ್ ಬಂದು ಕುಳಿತಿದ್ದ. ತಲೆಯಲ್ಲಿ ಅಲ್ಲಲ್ಲಿ ನರೆ, ಮಾತು ಮೆದು. ಮೆಷಿನ್ನಿನ ಕೀಲಿಕೈಯನ್ನೂ ಪಾಸ್‌ವರ್ಡನ್ನೂ ಅವನಿಗೆ ಒಪ್ಪಿಸಿ ಎಂದರು ಲೀಲಾಧರ. "ಬೇಜಾರ್ ಮಾಡ್ಕಣ್ಬೇಡಿ" ಎಂದೂ ಸೇರಿಸಿದರು. ಆ ಮಾತು ಕೊಡುವವನಿಗೆ ಖರ್ಚಿಲ್ಲ, ಪಡೆಯುವವನಿಗೆ ಉಪಯೋಗವಿಲ್ಲ.

ಸುಜನ್ ಪರದೆಯನ್ನು ನೋಡಿದ, ಮಾಳಿಗೆಗೆ ಹೋಗಿ ಬಂದ. ಬಿಚ್ಚಲಿಲ್ಲ, ಒರೆಸಲಿಲ್ಲ. ಹರಿಣಾಕ್ಷಿಯ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದ.

"ಇಲ್ಲಿ ರೂಟರ್ ಆಫ್ ಮಾಡುವುದು ಯಾರು?"

"ನಾನೇ. ಗುಡ್ಗ್ ಬಂದ್ರೆ ಎಲ್ಲದರ ಪ್ಲಗ್ಗೂ ತೆಗೀತೆ."

"ಯಾರು ಹೇಳಿದ್ದು?"

ಹರಿಣಾಕ್ಷಿಯ ಕಣ್ಣು ಮೆಷಿನ್ನಿನ ಹಣೆಗೆ ಹೋಯಿತು. ಎಲ್ಲರ ಕಣ್ಣೂ ಹೋಯಿತು. ಚಂದಯ್ಯನೂ ನೋಡಿದ. ತನ್ನ ಹೆಸರು, ತನ್ನ ನಂಬರ್, ನಾಲ್ಕೂ ಮೂಲೆ ಗಟ್ಟಿಯಾಗಿ ಕುಳಿತಿತ್ತು.

ಸುಜನ್ ಲೀಲಾಧರರಿಗೆ ಅರ್ಥವಾಗುವಂತೆ ಹೇಳಿದ. ಕಂಪ್ಯೂಟರುಗಳಿಗೆ ನಂಬರ್ ಹಂಚುವುದು ಆ ಪೆಟ್ಟಿಗೆ. ಅದರ ಪ್ಲಗ್ ತೆಗೆದರೆ ಹಂಚಿದ್ದು ಅದಕ್ಕೆ ಮರೆತುಹೋಗುತ್ತದೆ, ಮತ್ತೆ ಹಾಕಿದಾಗ ಯಾರು ಮೊದಲು ಎದ್ದರೋ ಅವರಿಗೆ ಮೊದಲ ನಂಬರ್. ಬಸ್ಸಿನಿಂದ ಇಳಿದು ಚಹಾ ಕುಡಿದು ಬಂದರೆ ಬಿಟ್ಟುಹೋದ ಸೀಟು ಸಿಗುವುದುಂಟೇ? ಮೇಲಿನ ಕಂಪ್ಯೂಟರ್ ಬೇರೆ ಸೀಟಿನಲ್ಲಿ ಕುಳಿತಿರುತ್ತದೆ, ಮೆಷಿನ್ ಹಳೆಯ ಸೀಟಿನಲ್ಲೇ ಹುಡುಕುತ್ತದೆ. "ಟವೆಲ್ ಹಾಕಿ ಸೀಟು ಹಿಡಿದರೆ ಆಯಿತು," ಎಂದ. ಮೇಲೆ ಹೋಗಿ ಆ ಕಂಪ್ಯೂಟರಿಗೆ ಬದಲಾಗದ ಒಂದು ನಂಬರ್ ಕೂಡಿಸಿ, ಅದನ್ನೇ ಮೆಷಿನ್ನಿನಲ್ಲೂ ಬರೆದ. ಕೆಲಸ ಮುಗಿಯಿತು.

"ಹಾಂಗಾರೆ ಇನ್ನ್ ಪ್ಲಗ್ ತೆಗುದ್ ಬೇಡ್ದಾ?" ಎಂದು ಹರಿಣಾಕ್ಷಿ ಕೇಳಿದಳು. ಕೇಳಿದ್ದು ಸುಜನನನ್ನು, ನೋಡಿದ್ದು ಚಂದಯ್ಯನನ್ನು.

"ತೆಗೆಯಿರಿ, ತೆಗೆಯಿರಿ," ಎಂದ ಸುಜನ್. "ಇನ್ನು ತೆಗೆದರೂ ತೊಂದರೆಯಿಲ್ಲ. ಸಿಡಿಲು ಬಡಿದರೆ ಬೋರ್ಡು ಉಳಿಯುವುದಿಲ್ಲ. ಸ್ಟಿಕರಿನಲ್ಲಿ ಬರೆದದ್ದು ಸರಿಯೇ ಇದೆ."

ಅಷ್ಟು ಹೇಳಿ ಚೀಲದಿಂದ ತನ್ನ ಕಂಪೆನಿಯ ನೀಲಿ ಸ್ಟಿಕರ್ ತೆಗೆದು, ಕೆಂಪು ಸ್ಟಿಕರಿನ ಕೆಳಗಿನ ಅರ್ಧದ ಮೇಲೆ ಅಂಟಿಸಿದ. ಗುಡುಗಿನ ಮಾತು ಹಾಗೆಯೇ ಉಳಿಯಿತು. ಚಂದಯ್ಯ, ಕೋಟೇಶ್ವರ, ನಂಬರ್, ಎಲ್ಲ ಅಡಿಗೆ ಹೋಯಿತು. ನೀಲಿ ಸ್ಟಿಕರಿನ ಒಂದು ಮೂಲೆ ಎದ್ದಿತ್ತು. ಅಭ್ಯಾಸಬಲದಿಂದ ಚಂದಯ್ಯನೇ ಹೆಬ್ಬೆರಳಿನಿಂದ ಅದನ್ನು ಒತ್ತಿ ಕೂರಿಸಿದ.

ಕೋಟದ ಬಸ್‌ಸ್ಟಾಪಿನಲ್ಲಿ ಅವನು ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದ. ಸೀಟು ಖಾಲಿಯಿದ್ದರೂ ನಿಂತೇ ಹೋದ. ಮನೆಯಲ್ಲಿ ಸರೋಜ ಖಾಲಿ ಕೈ ನೋಡಿ ಬೇಳೆ ಬೇಯಲು ಇಟ್ಟಳು.

ಆಮೇಲೂ ಅಂಗಡಿಯ ಬಾಗಿಲು ತೆರೆಯುತ್ತಿತ್ತು. ತೆರೆಯುವುದೂ ಒಂದು ಅಭ್ಯಾಸ. ಮಳೆಗಾಲ ಮುಗಿದು, ಹಿಂಗಾರಿನ ಗುಡುಗು ಶುರುವಾಗುವ ದಿನಗಳಲ್ಲಿ ಒಂದು ಸಂಜೆ ಕೋಟೇಶ್ವರದ ನೆತ್ತಿಯ ಮೇಲೇ ಗುಡುಗಿತು. ಚಂದಯ್ಯ ಎದ್ದು ಅಂಗಡಿಯಲ್ಲಿದ್ದ ಹಳೆಯ ಮೆಷಿನ್ನಿನ ಪ್ಲಗ್ ತೆಗೆದ. ಅದು ವರ್ಷದಿಂದ ಓಡಿರಲಿಲ್ಲ. ಹಿಂದೆಲ್ಲ ಇಂಥ ಗುಡುಗಿನ ಮರುದಿನ ಬೆಳಗಾದರೆ ಸಾಕು, ಅಲ್ಲಿಂದ ಇಲ್ಲಿಂದ ಫೋನ್ ಬರುತ್ತಿತ್ತು. ಮರುದಿನ ಅವನು ಫೋನನ್ನು ಮೇಜಿನ ಮೇಲೆ, ಕಣ್ಣಿಗೆ ಕಾಣುವಂತೆ ಇಟ್ಟುಕೊಂಡು ಕುಳಿತ. ಮಧ್ಯಾಹ್ನ ಬುತ್ತಿ ತಂದ ಸರೋಜ ಒಮ್ಮೆ ಫೋನನ್ನು, ಒಮ್ಮೆ ಅವನನ್ನು ನೋಡಿದಳು.

"ಯಾರ್ದಾರೂ ಫೋನ್ ಬಂತಾ?"

"ಇಲ್ಲೆ," ಎಂದ ಚಂದಯ್ಯ, ಬುತ್ತಿಯ ಮುಚ್ಚಳ ತೆಗೆಯುತ್ತ. "ಎಲ್ಲರೂ ಪ್ಲಗ್ ತೆಗ್ದಿದ್ರ್ ಕಾಂತ್."