ಎರ್ರಿಸ್ವಾಮಿಯ ಟೇಪು, ಚಾಕ್, ಟವೆಲ್ಲು
ರಾಯದುರ್ಗದಿಂದ ಕಣೇಕಲ್ಲಿಗೆ ಹೋಗುವ ರಸ್ತೆಯಲ್ಲಿ ಯಾರೇ ಅಪಘಾತದಲ್ಲಿ ತೀರಿಕೊಂಡರೂ ಕಾರಣ ಹುಡುಕಲು ಬರುವವರು ಹೆಡ್ ಕಾನ್‌ಸ್ಟೇಬಲ್ ಎರ್ರಿಸ್ವಾಮಿ. ಠಾಣೆಯ ಟೇಪು ಬೇಕೆಂದಾಗ ಸಿಕ್ಕ ಚರಿತ್ರೆಯೇ ಇಲ್ಲ; ಹಾಗಾಗಿ ಜೀನ್ಸ್ ಹೊಲಿಯುವ ಗಾರ್ಮೆಂಟ್ಸಿನ ಕಟಿಂಗ್ ಮಾಸ್ಟರನ ಟೇಪು, ಬಟ್ಟೆಗೆ ಗೆರೆ ಎಳೆಯುವ ಚಾಕ್ ಸದಾ ಅವರ ಜೇಬಿನಲ್ಲಿ. ಅಳೆಯುವುದು ಎಂಥ ಚಟವಾಗಿದೆಯೆಂದರೆ, ಮದುವೆ ಊಟಕ್ಕೆ ಕೂತರೂ ಎಲೆಯಿಂದ ಎಲೆಗೆ ಎಷ್ಟು ದೂರವೆಂದು ಕಣ್ಣಲ್ಲೇ ಲೆಕ್ಕ ಹಾಕುತ್ತಾರೆ. ನೆರೆದವರು "ಕುಡಿದಿದ್ದ ರೀ", "ಸ್ಪೀಡು ರೀ" ಎಂದು ಎಲ್ಲವನ್ನೂ ಸತ್ತವನ ತಲೆಗೇ ಕಟ್ಟುವಾಗ, "ನೀವು ಸುಮ್ಕಿರ್ರಿ, ರಸ್ತಿ ಹೇಳಲಿ" ಎಂದು ಗದರಿ, ಕಾದ ಟಾರಿನ ಮೇಲೆ ಬೋರಲಾಗಿ ಮಲಗಿ ನೋಡುತ್ತಾರೆ. ಮೊನ್ನೆ ಬೈಕಿನಲ್ಲಿ ಹೋಗುತ್ತಿದ್ದ ಮಾರೇಶ ಸತ್ತಾಗಲೂ ಹಾಗೆ ಮಲಗಿಯೇ ಕಾರಣ ಕಂಡುಹಿಡಿದರು: ರಸ್ತೆಯಲ್ಲಿ ಒಣಹಾಕಿದ ಭತ್ತದ ಮೇಲೆ ಗಾಡಿ ಹಾಯದಿರಲೆಂದು ಇಟ್ಟು, ಭತ್ತ ಬಳಿದುಕೊಂಡವರು ಅಲ್ಲೇ ಬಿಟ್ಟುಹೋದ ಒಂದು ಕಲ್ಲು. ಅಳತೆ, ಫೋಟೋ ಎಲ್ಲ ಮುಗಿದ ಮೇಲೆ ಕಾಲುವೆಯಿಂದ ಬಿಂದಿಗೆ ನೀರು ತಂದು, ಮಾರೇಶ ಬಿದ್ದಿದ್ದ ಜಾಗದ ಸುತ್ತ ತಾವೇ ಎಳೆದಿದ್ದ ಚಾಕ್ ಗೆರೆಯನ್ನು ತಮ್ಮ ಟವೆಲ್ಲಿನಿಂದ ಉಜ್ಜತೊಡಗಿದರು. "ಮಳಿ ಬಂದ್ರ ತಾನ ಹೋಗ್ತದ, ಬಿಡ್ರಿ ಸಾರ್" ಎಂದ ಆಟೋದವನಿಗೆ ಎರ್ರಿಸ್ವಾಮಿ ತಲೆ ಎತ್ತದೆಯೇ ಹೇಳಿದರು: "ಅವನ ಹೆಂಡ್ತಿ ದಿನಾ ಗಾರ್ಮೆಂಟ್ಸಿಗೆ ಇದೇ ದಾರೀಲೆ ಹೋಗ್ಬೇಕಲ್ಲಪ್ಪ."