ವಿಭೂತಿ ಹಚ್ಚಿದ ನಂಬರ್ ಪ್ಲೇಟು

ಮೊನ್ನೆ ಸಜ್ಜೆ ಬೀಜದ ಹೊಸ ಚೀಲ ಬಿಚ್ಚಿದಾಗ ಆ ಗುಲಾಬಿ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಬೀಜಕ್ಕೆ ರೋಗ ಹತ್ತದಿರಲೆಂದು ಹಚ್ಚಿರುವ ಔಷಧಿಯ ಘಾಟು ಅದು. ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ನಮ್ಮ ಸಾವ್ಕಾರ್ರು ಎದುರಿಗೆ ಬಂದು ನಿಂತಂತಾಯಿತು. ಅವರ ಬಿಳಿ ಅಂಗಿಗೆ, ಕೈಗೆ, ಊಟದ ಡಬ್ಬಿಗೆ ಕೂಡ ಇದೇ ವಾಸನೆ ಇರುತ್ತಿತ್ತು...

ತಾವರಗೇರಾದಲ್ಲಿ ಅವರದು ಬೀಜ, ಗೊಬ್ಬರದ ಅಂಗಡಿ. ನಾನು ಗಲ್ಲಾದ ಮೇಲೆ ಕೂಡುವ ಆಳು. ಆಳು ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು, ಬಂದವರಿಗೆಲ್ಲ ನನ್ನ ತಮ್ಮ ಎಂದೇ ಹೇಳುತ್ತಿದ್ದರು. ಅವರಂತೂ ಅಂಗಡಿಯಲ್ಲಿ ಒಂದು ತಾಸು ಕೂಡುವ ಪೈಕಿ ಅಲ್ಲ. ಮಾರಿದ ಬೀಜ ಹೇಗೆ ಎದ್ದಿದೆ ನೋಡಬೇಕೆಂದು ಬೈಕ್ ಹತ್ತಿ ಹೊಲ ಹೊಲ ತಿರುಗುವ ಚಟ. ಹ್ಯಾಂಡಲ್ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನನ್ನದು ಯಾವಾಗಲೂ ಹಿಂದಿನ ಸೀಟು.

ಒಂದು ವರ್ಷ ಮಾರಾಟ ಚೆನ್ನಾಗಿ ಆಯಿತೆಂದು ಬೀಜದ ಕಂಪನಿಯವರು ಇಬ್ಬರಿಗೆ ಥಾಯ್ಲೆಂಡ್ ಪ್ರವಾಸ ಕೊಟ್ಟರು. ಆ ಹಾರುವ ಡಬ್ಬಿಯೊಳಗೆ ತಾನು ಕಾಲಿಡುವುದಿಲ್ಲ ಎಂದು ಸಾವ್ಕಾರ್ರ ಮನೆಯವರು ಖಡಾಖಂಡಿತ ಹೇಳಿಬಿಟ್ಟರು. ನನ್ನ ನಸೀಬು ತೆರೆಯಿತು. ನಾನು ಹೊಸ ಅಂಗಿ ಹೊಲಿಸುವ ಗಡಿಬಿಡಿಯಲ್ಲಿದ್ದರೆ, ಅವರು ಕೊಪ್ಪಳಕ್ಕೆ ಹೋಗಿ ಹೊರದೇಶದಲ್ಲಿ ಗಾಡಿ ಓಡಿಸುವ ಪರವಾನಗಿ ಮಾಡಿಸಿಕೊಂಡು ಬಂದರು. ಅಲ್ಲಿ ಬಸ್ಸಿನಲ್ಲಿ ಸುತ್ತಾಡಿಸುತ್ತಾರಲ್ಲ, ಇದು ಯಾಕೆ ಎಂದು ಕೇಳಿದರೆ ಪರವಾನಗಿ ಮಡಚಿ ಕಿಸೆಗೆ ಇಟ್ಟುಕೊಂಡರು.

ಪಟ್ಟಾಯದಲ್ಲಿ ಎ.ಸಿ. ಬಸ್ಸಿನ ಕಿಟಕಿಯಿಂದ ಸಮುದ್ರ, ಮಾಲು, ಮತ್ತೆ ಸಮುದ್ರ. ಸಾವ್ಕಾರ್ರಿಗೆ ತಲೆಕೆಟ್ಟು ಹೋಯಿತು. "ಈ ದೇಶದಾಗ ಮಂದಿ ಏನ್ ಉಣ್ತಾರೋ ತಮ್ಮಾ? ಹೊಲಾನ ಕಾಣವಲ್ವು," ಅಂದರು. ಕೊನೆಯ ದಿನ ಮಧ್ಯಾಹ್ನ ನಮ್ಮ ಬಸ್ಸು ವಿಮಾನ ನಿಲ್ದಾಣಕ್ಕೆ ಹೊರಡಬೇಕಿತ್ತು. ಅವತ್ತು ಬೆಳಿಗ್ಗೆ ಬಾಡಿಗೆ ಬೈಕಿನ ಅಂಗಡಿಗೆ ನನ್ನನ್ನು ಎಳೆದುಕೊಂಡು ಹೋದರು. ಅಂಗಡಿಯವನು ಅವರ ಪಾಸ್‌ಪೋರ್ಟ್ ಒತ್ತೆ ಇಟ್ಟುಕೊಂಡು ಕೀಲಿ ಕೊಟ್ಟ. ಗಾಡಿ ತಂದು ನಿಲ್ಲಿಸಿದರೆ ಪಾಸ್‌ಪೋರ್ಟ್ ವಾಪಸ್, ಇಲ್ಲವಾದರೆ ಇಲ್ಲ.

ಕೈಗೆ ಗಾಡಿ ಬಂದರೆ ಪೂಜೆ ಇಲ್ಲದೆ ಚಾಲೂ ಮಾಡುವ ಮನುಷ್ಯರೇ ಅಲ್ಲ ಅವರು. ಚೆಂಡುಹೂವಿನ ಮಾಲೆ ಅಲ್ಲಿ ಬೀದಿ ಬೀದಿಯಲ್ಲಿ ಸಿಗುತ್ತಿತ್ತು, ಒಂದು ತಂದು ಹ್ಯಾಂಡಲ್ಲಿಗೆ ಹಾಕಿದರು. ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. ಕಿಸೆಯಲ್ಲಿದ್ದ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಮುಂದಿನ ದೀಪಕ್ಕೆ, ಹಿಂದಿನ ನಂಬರ್ ಪ್ಲೇಟಿಗೆ ಮೂರು ಬೆರಳಿಂದ ದಪ್ಪಗೆ ಎಳೆದರು. ಬಾಡಿಗೆಯವನು ಬಾಯಿ ತೆರೆದು ನೋಡುತ್ತಿದ್ದ.

ಊರು ದಾಟಿದ ಮೇಲೆ ಗೋವಿನಜೋಳದ ಹೊಲ ಸಿಕ್ಕಿತು. ಇಳಿದು, ಬದುವಿನಲ್ಲಿ ನಿಂತಿದ್ದ ರೈತನಿಗೆ ಕೈಮುಗಿದು, ಒಂದು ತೆನೆಯ ಸಿಪ್ಪೆ ಸರಿಸಿ ನೋಡಿದರು. ಭಾಷೆ ಗೊತ್ತಿಲ್ಲದ ಇಬ್ಬರೂ ಅರ್ಧ ತಾಸು ಸನ್ನೆಯಲ್ಲೇ ಮಾತಾಡಿದರು. ಪ್ರವಾಸ ಈಗ ಆಯಿತು ನೋಡು ಎನ್ನುವಂಥ ಖುಷಿ ಅವರ ಮುಖದಲ್ಲಿ.

ವಾಪಸು ಬರುವಾಗ ಸಿಗ್ನಲ್ಲಿನ ಹತ್ತಿರ ಟ್ರಾಫಿಕ್ ಪೊಲೀಸಪ್ಪ ಕೈ ಅಡ್ಡ ಹಿಡಿದ. ನಮ್ಮಿಬ್ಬರ ತಲೆಯ ಮೇಲೂ ಹೆಲ್ಮೆಟ್ ಇತ್ತು, ಸಾವ್ಕಾರ್ರ ಪರವಾನಗಿಯೂ ಸರಿಯಾಗಿತ್ತು. ಅವನು ಹಿಂದೆ ಬಂದು ನಂಬರ್ ಪ್ಲೇಟಿಗೆ ಬೆರಳು ತೋರಿಸಿದ. ಒಂದು ಅಂಕಿಯೂ ಕಾಣುತ್ತಿರಲಿಲ್ಲ. ಗಾಡಿಯನ್ನು ಬದಿಗೆ ತಳ್ಳಿ ನಿಲ್ಲಿಸಿ ಎಂದು ಸನ್ನೆ ಮಾಡಿದ. ಗಾಡಿ ಹಿಡಿದಿಟ್ಟರೆ ಪಾಸ್‌ಪೋರ್ಟ್ ಇಲ್ಲ, ಪಾಸ್‌ಪೋರ್ಟ್ ಇಲ್ಲದಿದ್ದರೆ ವಿಮಾನ ಇಲ್ಲ. ಆಚೆ ಬಸ್ಸು ನಮಗಾಗಿ ಕಾಯುವುದೂ ಇಲ್ಲ. ಕರವಸ್ತ್ರ ತೆಗೆದು ಒರೆಸಲು ಹೋದೆ. ಸಾವ್ಕಾರ್ರು ನನ್ನ ಕೈ ಹಿಡಿದರು.

"ಹಚ್ಚಿದ ವಿಭೂತಿ ಒರಸಬಾರದೋ ತಮ್ಮಾ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪೊಲೀಸಪ್ಪ ತಾನೇ ಒರೆಸಲು ಬಗ್ಗಿದ. ಬಗ್ಗಿದವನು ಹೆಲ್ಮೆಟ್ ತೆಗೆದು ನಿಂತಿದ್ದ ಸಾವ್ಕಾರ್ರ ಹಣೆ ನೋಡಿದ, ಪ್ಲೇಟು ನೋಡಿದ, ಎರಡೂ ಕಡೆ ಅವೇ ಮೂರು ಗೆರೆ. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಆಗ ನಾನು ಅವನ ಗಾಡಿ ಗಮನಿಸಿದೆ. ಅದರ ಮುಂಭಾಗದಲ್ಲೂ ಅಲ್ಲಿನ ಬೌದ್ಧ ಸ್ವಾಮಿಗಳು ಪೂಜೆ ಮಾಡಿ ಇಟ್ಟಂಥ ಬಿಳಿ ಬೊಟ್ಟುಗಳಿದ್ದವು! ಒರೆಸಲು ಅವನಿಗೂ ಮನಸ್ಸಿಲ್ಲ, ಇವರಿಗೂ ಮನಸ್ಸಿಲ್ಲ. ಬಿಸಿಲಲ್ಲಿ ಮೂವರೂ ಒಂದು ನಂಬರ್ ಪ್ಲೇಟು ನೋಡುತ್ತ ನಿಂತೆವು.

ಕೊನೆಗೆ ದಾರಿ ಹುಡುಕಿದ್ದು ಸಾವ್ಕಾರ್ರೇ. ಪೊಲೀಸಪ್ಪನ ನೀರಿನ ಬಾಟಲಿ ತೋರಿಸಿ, "ನೀರ್ ಹಾಕ್ರಿ. ನೀರಿಗೆ ಹೋದ್ರ ದೋಷ ಇಲ್ಲ," ಅಂದರು, ಅವನೇನು ನಮ್ಮ ಪಕ್ಕದ ಕುಷ್ಟಗಿಯವನೋ ಎಂಬಂತೆ. ಅವನಿಗೆ ಅದು ಹೇಗೆ ತಿಳಿಯಿತೋ, ಬಾಟಲಿ ಬಿಚ್ಚಿ ಭಕ್ತಿಯಿಂದ ಹನಿಸಿದ. ವಿಭೂತಿ ನಿಧಾನಕ್ಕೆ ಕರಗಿ ಇಳಿಯಿತು. ಅಂಕಿಗಳು ಒಂದೊಂದಾಗಿ ಕಂಡವು. ಅವನು ನಕ್ಕು, ಕೈಮುಗಿದು, ಹೋಗಿ ಎಂದು ದಾರಿ ಬಿಟ್ಟ. ನಾವು ಪಾಸ್‌ಪೋರ್ಟ್ ಬಿಡಿಸಿಕೊಂಡು ಓಡೋಡಿ ಬಂದಾಗ ಬಸ್ಸು ಚಾಲೂ ಆಗಿ ನಿಂತಿತ್ತು.

ಆ ಕಥೆಯನ್ನು ಅವರು ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಹೇಳಿದರು. ಹೇಳಿದಂತೆಲ್ಲ ಪೊಲೀಸಪ್ಪನಿಗೆ ಬಡ್ತಿ ಸಿಗುತ್ತ ಹೋಗಿ, ಕೊನೆಕೊನೆಗೆ ಅವನು ಆ ದೇಶದ ದೊಡ್ಡ ಸಾಹೇಬನೇ ಆಗಿದ್ದ. ನಾನು ಹೂಂ ಅನ್ನುತ್ತಿದ್ದೆ...

ಹೋದ ವರ್ಷ ರಾತ್ರಿ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅಂಗಡಿ ಈಗ ಅವರ ಮನೆಯವರ ಹೆಸರಿನಲ್ಲಿದೆ, ನಡೆಸುವವನು ನಾನು. ಬೈಕೂ ನಾನೇ ಓಡಿಸುತ್ತೇನೆ. ಅವರಿಲ್ಲದ ಅಂಗಡಿಗೆ ಇನ್ನೂ ನನಗೆ ರೂಢಿ ಆಗಿಲ್ಲ.

ನಿನ್ನೆ ಕಂಪನಿಯ ಹುಡುಗ ಫೋನ್ ಮಾಡಿದ್ದ. ಈ ಸಲ ವಿಯೆಟ್ನಾಂ ಪ್ರವಾಸವಂತೆ, ಇಬ್ಬರ ಹೆಸರು ಬೇಕಂತೆ. ನನ್ನ ಹೆಸರು ಬರೆಸಿದೆ. ಜೋಡಿಗೆ ಯಾರು ಎಂದು ಕೇಳಿದ. ತಡಮಾಡದೆ ಸಾವ್ಕಾರ್ರ ಹೆಸರು ಹೇಳಿದೆ.

ಅವನು ಮೆಲ್ಲಗೆ, "ಅಣ್ಣಾರ, ಅವರು ಈಗ ಇಲ್ಲಲ್ರಿ," ಅಂದ.

"ಹೌದಲ್ಲೋ," ಅಂದೆ.