ಮೇಷ್ಟ್ರ ಹೆಸರು ಹಾಕಿದ ಲೇಖನ

ಕಡೂರಿನಲ್ಲಿ ಬಸ್ ಹತ್ತಿದಾಗ ಅಶ್ವಿನಿಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು. ನೆಮ್ಮದಿಯಾಗಿ ಕೂರಲು ಮಾತ್ರ ಆಗಲಿಲ್ಲ. ಅಜ್ಜಂಪುರದಲ್ಲಿ ಓಂಕಾರಮೂರ್ತಿ ಮೇಷ್ಟ್ರ ಮುಂದೆ ನಿಂತು ಹೇಳಬೇಕಾದ ಮಾತನ್ನು ಬೀರೂರಿನವರೆಗೂ ಮನಸ್ಸಿನಲ್ಲೇ ಹೊಂದಿಸಿಕೊಂಡಳು. ಬೀರೂರು ದಾಟುವಷ್ಟರಲ್ಲಿ ಹೊಂದಿಸಿದ್ದೆಲ್ಲ ಕಲಸಿಹೋಯಿತು.

ಅವಳು ಪಂಚನಹಳ್ಳಿಯ ಕೊಬ್ಬರಿ ವ್ಯಾಪಾರಿಯ ಮಗಳು. ಕಾಮರ್ಸ್ ಸೇರಬೇಕಿದ್ದವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಈರುಳ್ಳಿ ಸಿಪ್ಪೆಯ ಜೀವಕೋಶ ತೋರಿಸಿ ಹುಚ್ಚು ಹಿಡಿಸಿದವರು ಈ ಮೇಷ್ಟ್ರು. ಈಗ ಅವಳು ಕಡೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಜೊತೆಗೆ ಬಯೋಟೆಕ್ನಾಲಜಿಯಲ್ಲಿ ಪಿಎಚ್‌ಡಿ. ತೆಂಗಿನ ಬುಡ ಕೊಳೆಸುವ ಅಣಬೆ ರೋಗವನ್ನು ತಡೆಯಬಲ್ಲ ಸೂಕ್ಷ್ಮಜೀವಿಗಳು ತೋಟದ ಮಣ್ಣಿನಲ್ಲೇ ಇವೆಯೇ ಎಂದು ಹುಡುಕುವುದು ಅವಳ ಸಂಶೋಧನೆ. ತೋಟ ತೋಟದ ಮಣ್ಣನ್ನು ಚೀಲಕ್ಕೆ ತುಂಬಿ ತರುತ್ತಿದ್ದರೆ, ಓದಿ ಓದಿ ಮಣ್ಣು ಹೊರುವ ಕೆಲಸ ಸಿಕ್ಕಿತು ಎಂದು ಮನೆಯವರು ನಗುತ್ತಿದ್ದರು.

ಕಳೆದ ವರ್ಷ ಆ ಮಣ್ಣೆಲ್ಲ ಒಂದು ಲೇಖನವಾಗಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂತು. ಲೇಖಕರ ಸಾಲಿನಲ್ಲಿ ಮೊದಲು ಅವಳ ಹೆಸರು, ಕೊನೆಗೆ ಗೈಡ್ ಹೆಸರು, ನಡುವೆ ಓಂಕಾರಮೂರ್ತಿಯವರದು. ಮೇಷ್ಟ್ರು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು, ಅವಳ ಲ್ಯಾಬಿನ ಬಾಗಿಲನ್ನೂ ಕಂಡವರಲ್ಲ. ಆದರೆ ನಮ್ಮ ಕಡೆಯ ಲಗ್ನಪತ್ರಿಕೆ ನೋಡಿ: ಚಪ್ಪರದ ಒಂದು ಕಂಬವನ್ನೂ ಮುಟ್ಟದ ದೊಡ್ಡಪ್ಪನ ಹೆಸರು ದಪ್ಪಕ್ಷರದಲ್ಲಿ ಇರಲೇಬೇಕು. ಬಿಟ್ಟರೆ ಅಪಚಾರ. ಅಶ್ವಿನಿ ಹಾಕಿದ್ದೂ ಹಾಗೆಯೇ. ಇವರ ಕೆಲಸವೇನೆಂದು ಗೈಡ್ ಕೇಳಿದಾಗ, ಮಣ್ಣು ಆರಿಸಲು ಸಹಾಯ ಮಾಡಿದ್ದಾರೆ ಎಂದು ಒಂದು ಸಣ್ಣ ಸುಳ್ಳು ಹೇಳಿ ಮುಗಿಸಿದ್ದಳು. ಮೇಷ್ಟ್ರನ್ನಂತೂ ಕೇಳಿರಲೇ ಇಲ್ಲ. ಗುರುಕಾಣಿಕೆಯನ್ನು ಕೇಳಿ ಕೊಡುವವರುಂಟೇ?

ಈಗ ಪತ್ರಿಕೆಯವರಿಂದ ಮೇಲ್ ಬಂದಿದೆ. ಎರಡು ಬೇರೆ ಬೇರೆ ಸೂಕ್ಷ್ಮಜೀವಿಗಳ ಡಿಎನ್‌ಎ ಎಂದು ಕೊಟ್ಟಿರುವುದು ಒಂದೇ ಫೋಟೊ ಎಂದು ಯಾರೋ ಓದುಗರು ಪತ್ತೆ ಹಚ್ಚಿದ್ದಾರೆ. ನಿಜವೇ. ಅವಸರದಲ್ಲಿ ಅಶ್ವಿನಿಯೇ ತಪ್ಪು ಫೋಟೊ ಹಾಕಿದ್ದಳು, ಸರಿಯಾದದ್ದು ಅವಳ ಕಂಪ್ಯೂಟರಿನಲ್ಲೇ ಇದೆ. ಪ್ರತಿಯೊಬ್ಬ ಲೇಖಕರೂ ತಾವು ಮಾಡಿದ ಕೆಲಸವೇನೆಂದು ಪ್ರತ್ಯೇಕವಾಗಿ ಬರೆದು ತಿಳಿಸಬೇಕಂತೆ.

"ಫೋಟೊ ತಪ್ಪಾಗಿದ್ರೆ ತಿದ್ದುಪಡಿ ಹಾಕ್ತಾರೆ," ಎಂದಿದ್ದರು ಗೈಡ್ ಫೋನಿನಲ್ಲಿ. "ಲೇಖಕರ ಹೆಸರೇ ಸುಳ್ಳು ಅಂತಾದ್ರೆ ಲೇಖನಾನೇ ವಾಪಸ್ ತಗೋತಾರೆ. ಆಮೇಲೆ ನಿಮ್ಮ ಪಿಎಚ್‌ಡಿ ನನ್ನ ಕೈಲಿರಲ್ಲ."

ಅಂದಿನಿಂದ ಅವಳಿಗೆ ಅನ್ನ ಸೇರುತ್ತಿಲ್ಲ. ಪಿಎಚ್‌ಡಿ ಹೋದರೆ ಹೋಗಲಿ ಎನ್ನುವಂಥ ದೊಡ್ಡ ಮನಸ್ಸೇನೂ ಅವಳದಲ್ಲ. ಆದರೂ ಒಬ್ಬ ವಿದ್ಯಾರ್ಥಿಗೂ ಬಿಟ್ಟಿ ಮಾರ್ಕು ಕೊಡದೆ ಬಾಳಿದ ಮನುಷ್ಯನ ಹೆಸರಿಗೆ ತನ್ನಿಂದ ಮಸಿ ಹತ್ತುತ್ತದಲ್ಲ ಎಂಬ ಭಯ ಅದಕ್ಕಿಂತ ಹೆಚ್ಚಾಗಿ ಕಾಡುತ್ತಿತ್ತು.

ಅಜ್ಜಂಪುರದ ಮನೆಯಲ್ಲಿ ಬಾಗಿಲು ತೆಗೆದದ್ದು ಮೇಷ್ಟ್ರ ಹೆಂಡತಿ ಮಲ್ಲಿಕಾಂಬ. "ಬಾರಮ್ಮ. ನಿಮ್ಮ ಸಾರ್ ಆ ಲೇಖನಾನ ಪೆನ್ಷನರ್ ಸಂಘದಲ್ಲಿ ಯಾರಿಗ್ ತೋರಿಸಿಲ್ಲ ಹೇಳು? ಮೊನ್ನೆ ಹಾಲಿನೋನ್ಗೂ ತೋರಿಸಿದ್ರು."

ಅಶ್ವಿನಿ ನಗಲು ನೋಡಿದಳು, ಆಗಲಿಲ್ಲ.

ಒಳಗೆ ಮೇಷ್ಟ್ರು ಅವಳಿಗೆ ಬಾಯಿ ಬಿಡಲೇ ಕೊಡಲಿಲ್ಲ. "ನಂಗೂ ಮೇಲ್ ಬಂತು. ಉತ್ತರ ಬರ್ದಿಟ್ಟಿದ್ದೀನಿ. ಇಂಗ್ಲಿಷ್ ಒಂಚೂರು ನೋಡ್ಬಿಡು, ಕಳಿಸ್ತೀನಿ," ಎಂದು ಫೋನ್ ಕೊಟ್ಟರು.

ಫೋಟೊಗಳನ್ನು ಜೋಡಿಸಿದವನು ನಾನು, ಕಣ್ಣು ಮಂದವಾಗಿ ತಪ್ಪಾಯಿತು, ಹುಡುಗಿಯದೇನೂ ದೋಷವಿಲ್ಲ ಎಂದು ಬರೆದಿತ್ತು. ಇಂಗ್ಲಿಷಿನಲ್ಲಿ ಒಂದು ತಪ್ಪೂ ಇರಲಿಲ್ಲ.

"ಸಾರ್, ಇದು ಸುಳ್ಳು."

"ಆಗ್ಲಿ ಬಿಡು. ನನ್ನ ಪೆನ್ಷನ್ ಏನ್ ನಿಲ್ಲಿಸ್ತಾರಾ ಅವರು? ನಿಂದು ಇನ್ನೂ ಬಾಳೋ ವಯಸ್ಸು ಕಣಮ್ಮ."

ಸರಿಯಾಗಿದೆ ಸಾರ್ ಎಂದರೆ ಸಾಕು: ಲೇಖನ ಉಳಿಯುತ್ತದೆ, ಡಿಗ್ರಿ ಬರುತ್ತದೆ, ಕೆಲಸ ಕಾಯಂ ಆಗುವ ಆಸೆಯೂ ಜೀವ ಹಿಡಿದುಕೊಳ್ಳುತ್ತದೆ. ಆ ಮಾತು ನಾಲಗೆಯ ತುದಿಗೆ ಬಂದೂಬಿಟ್ಟಿತ್ತು. ಅಷ್ಟರಲ್ಲಿ ಮೇಷ್ಟ್ರ ಮುಖ ನೋಡಿದಳು. ಅವರು ಅವಳನ್ನು ನೋಡುತ್ತಿರಲಿಲ್ಲ. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರಂತೆ ನೆಲ ನೋಡುತ್ತಾ ಕೂತಿದ್ದರು. ಅವಳಿಗೆ ತಡೆಯಲಾರದಷ್ಟು ನಾಚಿಕೆಯಾಯಿತು.

ತನ್ನ ಫೋನ್ ತೆಗೆದು ಟೈಪ್ ಮಾಡತೊಡಗಿದಳು. ಅಳಿಸಿ ಮತ್ತೆ ಬರೆದಳು. ಫೋಟೊದ ತಪ್ಪು ನನ್ನದು. ಓಂಕಾರಮೂರ್ತಿಯವರು ಈ ಸಂಶೋಧನೆಯಲ್ಲಿ ಯಾವ ಕೆಲಸವನ್ನೂ ಮಾಡಿಲ್ಲ. ಗೈಡ್‌ಗೂ ಸುಳ್ಳು ಹೇಳಿ, ಅವರನ್ನು ಕೇಳದೆ, ಅವರ ಹೆಸರನ್ನು ನಾನೇ ಸೇರಿಸಿದೆ. ಮೇಷ್ಟ್ರ ಕೈಗೆ ಕೊಟ್ಟಳು. ಅವರು ನಿಧಾನವಾಗಿ ಓದಿ ಹಿಂದಕ್ಕೆ ಕೊಟ್ಟರು. ಅವಳು ಕಳಿಸಿದಳು.

"ಲೇಖನ ಕೈಬಿಟ್ಟು ಹೋಗ್ತದಾ?"

"ಹೋಗ್ತದೆ ಸಾರ್."

ಮೇಷ್ಟ್ರು ತಾವು ಬರೆದಿಟ್ಟದ್ದನ್ನು ಅಳಿಸಿದರು. ಒಳಗಿದ್ದ ಹೆಂಡತಿಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದರು:

"ಹಾಕೋಕ್ ಮುಂಚೆ ಒಂದ್ ಮಾತು ಕೇಳಿದ್ರೆ ಬೇಡ ಅಂತಿದ್ದೆ ಕಣಮ್ಮ. ಅಚ್ಚಾಗಿ ಬಂದ್ಮೇಲೆ ಬೇಡ ಅನ್ನೋಕೆ ನನಗೂ ಮನಸ್ಸಾಗ್ಲಿಲ್ಲ."